ನದಿಯ ಲೆಕ್ಕ ಯಾರನ್ನು ಕೇಳಬೇಕು?

ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಸೀಮೆಯಲ್ಲಿ ಸ್ವಂತ ಮನೆ ಇರುವ ಕನ್ನಡಿಗರಿಗೆಲ್ಲ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಎರಡು ಸಂಸ್ಥೆಗಳ ಹೆಸರು ಕಾಣುತ್ತದೆ. ಮೊದಲನೆಯದು ನಗರದ ಕೌನ್ಸಿಲ್. ಕಸ, ಊರೊಳಗಿನ ರಸ್ತೆ, ಗ್ರಂಥಾಲಯ, ಮನೆ ಕಟ್ಟುವ ಪರವಾನಗಿ ಇವೆಲ್ಲ ಅದರ ಪಾಲಿಗೆ ಬರುವುದರಿಂದ ನಮ್ಮ ಪಾಲಿಕೆಗಳನ್ನು ಕಂಡವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಎರಡನೆಯದಾದ ಪ್ರಾದೇಶಿಕ ಕೌನ್ಸಿಲ್‌ಗೆ ಹೋಲುವ ಸಂಸ್ಥೆ ಕರ್ನಾಟಕದಲ್ಲಿ ಇಲ್ಲ. ನದಿಗಳ ನೀರಿನ ಗುಣಮಟ್ಟ, ಪ್ರವಾಹ ತಡೆಯುವ ಒಡ್ಡುಗಳು, ಗಾಳಿಯ ಶುದ್ಧಿ, ಕಾಡನ್ನು ತಿಂದು ಹಾಳುಮಾಡುವ ಪಾಸಮ್‌ನಂಥ ಪ್ರಾಣಿಗಳ ನಿಯಂತ್ರಣ, ದೊಡ್ಡ ಉದ್ಯಾನಗಳು, ಅವುಗಳ ಜೊತೆಗೆ ಬಸ್ಸು ಮತ್ತು ಲೋಕಲ್ ರೈಲು, ಇಷ್ಟೂ ಆ ಒಂದೇ ಸಂಸ್ಥೆಯ ಹೊಣೆ. ಬಸ್ಸಿಗೂ ನದಿಗೂ ಏನು ಸಂಬಂಧ ಎಂದು ಹೊಸದಾಗಿ ಬಂದವರು ಕೇಳುವುದುಂಟು. ಎರಡೂ ಒಂದು ಊರಿನ ಗಡಿಯೊಳಗೆ ನಿಲ್ಲುವುದಿಲ್ಲ ಎಂಬುದೇ ಸಂಬಂಧ.

1989ರ ಸ್ಥಳೀಯಾಡಳಿತ ಸುಧಾರಣೆಯಲ್ಲಿ ಇಲ್ಲಿಯ ನೂರಾರು ಸಣ್ಣಪುಟ್ಟ ಮಂಡಳಿಗಳನ್ನು ಒಟ್ಟುಗೂಡಿಸಿದಾಗ ಪ್ರಾದೇಶಿಕ ಕೌನ್ಸಿಲ್‌ಗಳ ಗಡಿಯನ್ನು ಬಹುಮಟ್ಟಿಗೆ ನದಿಗಳ ಜಲಾನಯನ ಪ್ರದೇಶವನ್ನು ಅನುಸರಿಸಿ ಎಳೆಯಲಾಯಿತು. 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ ಬಂದ ಮೇಲೆ, ಹೊಳೆಯಿಂದ ಹೆಚ್ಚು ನೀರೆತ್ತುವ ರೈತನಾಗಲಿ, ಹೊಳೆಗೆ ನೀರು ಬಿಡುವ ಕಾರ್ಖಾನೆಯಾಗಲಿ, ಕೊನೆಗೆ ಕೊಳಚೆ ನೀರು ಸಂಸ್ಕರಿಸುವ ನಗರದ ಕೌನ್ಸಿಲ್ಲೇ ಆಗಲಿ, ಈ ಪ್ರಾದೇಶಿಕ ಕೌನ್ಸಿಲ್‌ನಿಂದ ಅನುಮತಿ ಪಡೆಯಬೇಕಾಯಿತು. ಆ ಅನುಮತಿಗೆ ಷರತ್ತುಗಳಿರುತ್ತವೆ, ಎಷ್ಟೇ ಉದಾರವಾಗಿ ಕೊಟ್ಟರೂ 35 ವರ್ಷಕ್ಕಿಂತ ಹೆಚ್ಚಿನ ಅವಧಿ ಇರುವುದಿಲ್ಲ, ಷರತ್ತು ಮುರಿದವರ ಮೇಲೆ ಕೌನ್ಸಿಲ್ ಮೊಕದ್ದಮೆ ಹೂಡಬಹುದು.

ಇದು ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ವೆಲ್ಲಿಂಗ್ಟನ್ ಸೀಮೆಯ ಹಟ್ ನದಿಯ ದಂಡೆಗೆ ಹೋದರೆ ಸಾಕು. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲುಗಳ ಮೇಲೆ ಕಪ್ಪು-ಕಂದು ಬಣ್ಣದ ಪಾಚಿಯಂಥ ಪದರ ಬೆಳೆಯುತ್ತದೆ. ಕಿತ್ತುಬಂದು ದಡದಲ್ಲಿ ಒಣಗಿದಾಗ ಅದಕ್ಕೊಂದು ಮುಗ್ಗಲು ವಾಸನೆ. ಆ ವಾಸನೆಗೆ ಮನಸೋತು ನಾಯಿಗಳು ಅದನ್ನು ತಿನ್ನುತ್ತವೆ, ತಿಂದು ಸತ್ತದ್ದೂ ಇದೆ. ಅದು ಹೆಚ್ಚಾದಾಗ ಮಕ್ಕಳನ್ನೂ ನಾಯಿಗಳನ್ನೂ ದೂರವಿಡಿ ಎಂಬ ಎಚ್ಚರಿಕೆಯ ಫಲಕ ದಂಡೆಯ ಮೇಲೆ ಏಳುತ್ತದೆ. ಜನ ಈಜುವ ಜಾಗಗಳಲ್ಲಿ ಬೇಸಿಗೆಯುದ್ದಕ್ಕೂ ನೀರಿನ ಮಾದರಿ ತೆಗೆದು, ಮಲದ ಸೋಂಕನ್ನು ಸೂಚಿಸುವ ಇ. ಕೊಲೈ ಬ್ಯಾಕ್ಟೀರಿಯಾ ಎಷ್ಟಿದೆ ಎಂಬುದನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತಾರೆ. ಇದರಿಂದ ನದಿ ಶುದ್ಧವಾಗಿಬಿಟ್ಟಿದೆ ಎಂದಲ್ಲ, ಎಷ್ಟು ಕೆಟ್ಟಿದೆ ಎಂಬುದನ್ನು ಮುಚ್ಚಿಟ್ಟಿಲ್ಲ ಎಂದಷ್ಟೇ. ದಕ್ಷಿಣ ದ್ವೀಪದ ಕ್ಯಾಂಟರ್‌ಬರಿಯಲ್ಲಿ ಡೈರಿ ಹಸುಗಳು ಹೆಚ್ಚಿದಂತೆ ಅಂತರ್ಜಲದಲ್ಲಿ ನೈಟ್ರೇಟ್ ಏರಿದ್ದು ಇದೇ ವ್ಯವಸ್ಥೆಯ ಕಣ್ಣೆದುರಿಗೇ.

ಇನ್ನೂ ದೊಡ್ಡ ವೈಫಲ್ಯವೊಂದಿದೆ. 2016ರ ಆಗಸ್ಟ್‌ನಲ್ಲಿ ಹಾಕ್ಸ್ ಬೇ ಪ್ರಾಂತ್ಯದ ಹ್ಯಾವ್‌ಲಾಕ್ ನಾರ್ತ್‌ನಲ್ಲಿ, ಜೋರು ಮಳೆಯ ನಂತರ ಕುರಿ ಹಿಕ್ಕೆಯ ಸೋಂಕು ಕುಡಿಯುವ ನೀರಿನ ಕೊಳವೆಬಾವಿಗೆ ಸೇರಿ, ಸುಮಾರು 14,000 ಜನರ ಊರಿನಲ್ಲಿ 5,000ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ನೀರು ಕೊಟ್ಟದ್ದು ಹೇಸ್ಟಿಂಗ್ಸ್ ಜಿಲ್ಲಾ ಕೌನ್ಸಿಲ್, ನೀರೆತ್ತಲು ಅನುಮತಿ ಕೊಟ್ಟದ್ದು ಪ್ರಾದೇಶಿಕ ಕೌನ್ಸಿಲ್. ಎರಡೂ ಸಂಸ್ಥೆಗಳು ತಮ್ಮ ಕೆಲಸದಲ್ಲಿ ಎಡವಿದ್ದವು ಎಂದು ವಿಚಾರಣಾ ಆಯೋಗ ಹೇಳಿತು. ಇಷ್ಟಾದರೂ ಪ್ರಶ್ನೆ ಕೇಳಬೇಕಾದವರು ಯಾರು ಎಂಬ ಗೊಂದಲ ಅಲ್ಲಿಯ ಜನರಿಗೆ ಇರಲಿಲ್ಲ ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ.

ಇದಕ್ಕೆದುರಾಗಿ ಬೆಂಗಳೂರಿನ ವೃಷಭಾವತಿಯನ್ನು ನೋಡೋಣ. ಅದರ ಒಳಚರಂಡಿ ಜಲಮಂಡಳಿಗೆ, ರಾಜಕಾಲುವೆ ಪಾಲಿಕೆಗೆ, ದಂಡೆಯ ಕಾರ್ಖಾನೆಗಳ ತ್ಯಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಮುಂದೆ ಬಿಡದಿ ಬಳಿಯ ಬೈರಮಂಗಲ ಕೆರೆ ನೀರಾವರಿಯವರಿಗೆ, ಕೆರೆಯ ಕೆಳಗಿನ ಹಳ್ಳಿಗಳು ಗ್ರಾಮ ಪಂಚಾಯಿತಿಗಳಿಗೆ. ನೊರೆ ತುಂಬಿದ ಆ ನೀರನ್ನೇ ಗದ್ದೆಗೆ ಹಾಯಿಸಬೇಕಾದ ರೈತ ದೂರು ಹಿಡಿದು ಹೋದರೆ ಪ್ರತಿ ಕಚೇರಿಯೂ ಪಕ್ಕದ ಕಚೇರಿಯನ್ನು ತೋರಿಸುತ್ತದೆ, ಮತ್ತು ಕಾನೂನಿನ ಪ್ರಕಾರ ಪ್ರತಿಯೊಬ್ಬರ ಮಾತಿನಲ್ಲೂ ಒಂದಿಷ್ಟು ನಿಜ ಇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರನ್ನು, ಸದಸ್ಯರನ್ನು ಸರ್ಕಾರವೇ ನೇಮಿಸುವುದರಿಂದ ಆ ರೈತನ ಮತಕ್ಕೂ ಆ ಕುರ್ಚಿಗೂ ನೇರ ನಂಟಿಲ್ಲ.

ಬಸ್ಸಿನ ಮಾತು ಬಂದರೆ, ಭಾನುವಾರ ಸಂಜೆ ಇಲ್ಲಿ ಬಸ್ಸಿಗೆ ಕಾದವರು ಬಿಎಂಟಿಸಿಯನ್ನು ನೆನೆದು ನಿಟ್ಟುಸಿರು ಬಿಡುವುದು ಸಹಜ. 2018ರ ಜುಲೈನಲ್ಲಿ ವೆಲ್ಲಿಂಗ್ಟನ್‌ನ ಬಸ್ ಮಾರ್ಗಗಳನ್ನೆಲ್ಲ ಒಮ್ಮೆಲೇ ಬದಲಿಸಿದಾಗ ಬಸ್ಸುಗಳು ಬರದೇ ಹೋದವು, ಬಂದವು ತುಂಬಿ ತುಳುಕಿದವು. ಜನ ಕೌನ್ಸಿಲ್ ಸದಸ್ಯರನ್ನು ಸಭೆಗಳಲ್ಲಿ ನಿಲ್ಲಿಸಿ ಕೇಳಿದರು, ಮರುವರ್ಷದ ಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾಯಿತು. ಬಸ್ಸಿನ ಹೊಣೆ ಹೊತ್ತವರೇ ಮೂರು ವರ್ಷಕ್ಕೊಮ್ಮೆ ಮತ ಕೇಳಲು ಬರಬೇಕಾದ್ದರಿಂದ ಇದು ಸಾಧ್ಯವಾಯಿತು.

ಈಗ ಆ ಹೊಣೆಗಾರರನ್ನೇ ತೆಗೆಯುವ ಮಾತು ಎದ್ದಿದೆ. ಪ್ರಾದೇಶಿಕ ಕೌನ್ಸಿಲ್‌ಗಳ ಚುನಾಯಿತ ಸದಸ್ಯರನ್ನು ಕೈಬಿಟ್ಟು, ಆಯಾ ಪ್ರದೇಶದ ಮೇಯರ್‌ಗಳ ಮಂಡಳಿಗೆ ಅವರ ಕೆಲಸ ಒಪ್ಪಿಸುವ ಪ್ರಸ್ತಾವವನ್ನು ಇಲ್ಲಿಯ ಸರ್ಕಾರ 2025ರ ನವೆಂಬರ್‌ನಲ್ಲಿ ಮುಂದಿಟ್ಟಿತು. ಖರ್ಚು ಉಳಿಯುತ್ತದೆ, ಎರಡೆರಡು ಕಚೇರಿಗಳ ಅಲೆದಾಟ ತಪ್ಪುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ; ಮತದಾನಕ್ಕೆ ಅರ್ಧದಷ್ಟು ಜನವೂ ಬರುವುದಿಲ್ಲ ಎಂಬುದೂ ನಿಜ. ಆದರೆ ನಗರದ ಕೊಳಚೆ ಹೊಳೆಗೆ ಹರಿದಾಗ ಆ ನಗರದ ಮೇಲೆ ಕ್ರಮ ಕೈಗೊಳ್ಳಬೇಕಾದ ಮಂಡಳಿಯಲ್ಲಿ ಆ ನಗರದ ಮೇಯರೇ ಕೂತಿದ್ದರೆ ನ್ಯಾಯ ಹೇಗೆ ನಡೆದೀತು? ಚುನಾಯಿತರನ್ನು ತಾತ್ಕಾಲಿಕವಾಗಿ ಬದಿಗಿಡುವುದು ಎಷ್ಟು ದೀರ್ಘವಾಗಬಲ್ಲದು ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ: 2010ರಲ್ಲಿ ಕ್ಯಾಂಟರ್‌ಬರಿಯ ಕೌನ್ಸಿಲ್ ಸದಸ್ಯರನ್ನು ಕೆಳಗಿಳಿಸಿ ಸರ್ಕಾರ ಕಮಿಷನರ್‌ಗಳನ್ನು ಕೂರಿಸಿತು, ಪೂರ್ತಿ ಚುನಾಯಿತ ಕೌನ್ಸಿಲ್ ಮರಳಿದ್ದು 2019ರಲ್ಲಿ.

ಕನ್ನಡಿಗರಿಗೆ ಈ ಕಥೆ ಹೊಸದೇನಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ, ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಲ್ಲಿ ದೇಶಕ್ಕೇ ದಾರಿ ತೋರಿದ ನಾಡಿನಲ್ಲಿ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2020ರ ಸೆಪ್ಟೆಂಬರ್‌ನ ನಂತರ ಬೆಂಗಳೂರು ಮಹಾನಗರ ಪಾಲಿಕೆಯನ್ನು ಆಡಳಿತಾಧಿಕಾರಿಗಳೇ ನಡೆಸಿದರು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯಲಾಯಿತು. ಆಡಳಿತಾಧಿಕಾರಿಗಳಲ್ಲಿ ದಕ್ಷರಿರಬಹುದು, ಆದರೆ ವರ್ಗಾವಣೆಯಾದ ಮರುದಿನ ಅವರ ಬಳಿ ಹಳೆಯ ಮಾತಿನ ಲೆಕ್ಕ ಕೇಳುವಂತಿಲ್ಲ.

ಇಲ್ಲಿ ಮತ ಹಾಕಲು ಪೌರತ್ವವೇ ಬೇಕೆಂದಿಲ್ಲ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಕಾಯಂ ನಿವಾಸಿಗೂ ಆ ಹಕ್ಕಿದೆ. ಮತಪತ್ರ ಮನೆಗೇ ಅಂಚೆಯಲ್ಲಿ ಬರುತ್ತದೆ. ಆದರೂ ನಮ್ಮವರಲ್ಲಿ ಎಷ್ಟೋ ಜನ ಮೇಯರ್ ಹೆಸರಿಗೆ ಗುರುತು ಹಾಕಿ ಪ್ರಾದೇಶಿಕ ಕೌನ್ಸಿಲ್‌ನ ಭಾಗವನ್ನು ಖಾಲಿ ಬಿಡುತ್ತಾರೆ. ಪ್ರಸ್ತಾವದ ಬಗ್ಗೆ ಅಭಿಪ್ರಾಯ ಸಲ್ಲಿಸಲು ಅವಕಾಶ ಸಿಕ್ಕಾಗಲೆಲ್ಲ, ಮೇಯರ್‌ಗಳ ಮಂಡಳಿ ಬಂದರೂ ಅನುಮತಿ ಕೊಡುವ ಮತ್ತು ಮೊಕದ್ದಮೆ ಹೂಡುವ ಅಧಿಕಾರ ಅವರ ಕೈಯಲ್ಲಿರಬಾರದು ಎಂದಾದರೂ ನಾವು ಬರೆಯಬೇಕು. ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳು ಮತ ಕೇಳಲು ಬರುವ ಪಾಲಿಕೆಯ ಅಭ್ಯರ್ಥಿಯನ್ನು ಕೇಳಬಹುದಾದದ್ದು ಇನ್ನೂ ಸರಳ: ನಿಮ್ಮ ಪಾಲಿಕೆಯ ಗಡಿ ದಾಟುವ ಜಾಗದಲ್ಲಿ ರಾಜಕಾಲುವೆಯ ನೀರನ್ನು ವಾರಕ್ಕೊಮ್ಮೆ ಪರೀಕ್ಷಿಸಿ, ಬಂದ ಅಂಕಿಗಳನ್ನು ಪ್ರಕಟಿಸುತ್ತೀರಾ?