ಫೋನು ಕಾದಂಬರಿಯೊಳಗೆ ಬರಬಾರದಂತೆ!

ಇಷ್ಟೊತ್ತಿಗೆ ಮಲಗಬೇಕಿತ್ತು. ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಬೇಡ ಅನ್ನಿಸಿದವರು ಲೈಕ್ ಒತ್ತಿ ಮುಂದೆ ಹೋಗಿ. ಹೇಗೂ ಹಾಗೇ ಮಾಡ್ತೀರಿ ಅಂತ ಗೊತ್ತು.

ನಮ್ಮೂರಿನ ಲೈಬ್ರರಿಯ ಓದುವ ಗುಂಪಿನ ಬಗ್ಗೆ ಇಲ್ಲಿ ಹಿಂದೆಯೂ ಗೊಣಗಿದ್ದೇನೆ. ನಮ್ಮೂರು ಅಂದ್ರೆ ಈಗಿರುವ ಇಂಗ್ಲೆಂಡಿನ ಮಳೆ ಊರು, ಶಿವಮೊಗ್ಗ ಅಲ್ಲ. ಅಲ್ಲೂ ಮಳೆಯೇ ಬಿಡಿ. ತಿಂಗಳಿಗೊಂದು ಪುಸ್ತಕ, ಎಂಟು ಹತ್ತು ಜನ, ನೀರು ನೀರು ಚಹಾ. ಈ ಸಲ ಪುಸ್ತಕ ಆರಿಸುವ ಸರದಿ ನನ್ನದು. ನಾನು ಆರಿಸಿದ್ದು ಒಲಿವಿಯಾ ಸುಡ್ಜಿಕ್ ಬರೆದ ‘ಸಿಂಪಥಿ’. ಲಂಡನ್ನಿನಲ್ಲಿ 1988ರಲ್ಲಿ ಹುಟ್ಟಿದವಳು, ಇದು ಅವಳ ಮೊದಲ ಕಾದಂಬರಿ, 2017ರಲ್ಲಿ ಬಂತು.

ನಮ್ಮ ಗುಂಪಿನಲ್ಲಿ ಒಬ್ಬರು ರಿಟೈರಾದ ಮೇಷ್ಟ್ರಿದ್ದಾರೆ. ಒಳಗೆ ಹೀಟರ್ ಉರಿಯುತ್ತಿದ್ದರೂ ಕಂದು ಕೋಟು ತೆಗೆಯುವವರಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಂದರು: “ಒಬ್ಬ ಹುಡುಗಿ ಫೋನು ನೋಡ್ತಾ ಕೂರ್ತಾಳೆ. ಅದಕ್ಕೆ ಇಷ್ಟು ದಪ್ಪ ಪುಸ್ತಕ ಯಾಕೆ?” ಉಳಿದವರೆಲ್ಲ ತಲೆಯಾಡಿಸಿದರು. ಹೀಗೆ ತಲೆಯಾಡಿಸುವಾಗ ಅವರಲ್ಲಿ ಮೂವರ ಕೈಯಲ್ಲಿ ಫೋನಿತ್ತು. ಎಣಿಸಿದ್ದೇನೆ.

ಓದದವರಿಗೆ ಕಥೆ ಇಷ್ಟು. ಆಲಿಸ್ ಹೇರ್ ಅಂತ ಇಪ್ಪತ್ತಮೂರರ ಹುಡುಗಿ ಇಂಗ್ಲೆಂಡ್ ಬಿಟ್ಟು ನ್ಯೂಯಾರ್ಕಿಗೆ ಹೋಗುತ್ತಾಳೆ. ಸಾಕುಮಗಳಾಗಿ ಬೆಳೆದವಳು, ತನ್ನವರು ಯಾರು ಅನ್ನುವ ಕೊರಗು ಮೊದಲಿಂದಲೂ ಇದೆ. ಅಲ್ಲಿ ಮಿಜುಕೊ ಹಿಮುರಾ ಅನ್ನುವ ಜಪಾನಿ ಲೇಖಕಿಯ ಇನ್‌ಸ್ಟಾಗ್ರಾಮ್ ಕಣ್ಣಿಗೆ ಬೀಳುತ್ತದೆ. ಇವಳ ಬದುಕಿಗೂ ನನ್ನ ಬದುಕಿಗೂ ಏನೋ ನಂಟಿದೆ ಅನ್ನಿಸುತ್ತದೆ. ಅನ್ನಿಸಿದ್ದು ನಂಬಿಕೆಯಾಗಿ, ನಂಬಿಕೆ ಹುಚ್ಚಾಗಿ, ಫೋಟೋಗಳನ್ನು ನೋಡಿ ನೋಡಿ ಅವಳು ಎಲ್ಲೆಲ್ಲಿ ಓಡಾಡುತ್ತಾಳೆ ಅಂತ ಲೆಕ್ಕ ಹಾಕಿ, ಒಂದು ದಿನ ‘ಅಚಾನಕ್ಕಾಗಿ’ ಎದುರಾಗುತ್ತಾಳೆ. ಹೇರ್ ಅಂದ್ರೆ ಮೊಲ. ಹೆಸರು ಆಲಿಸ್, ಮೊಲದ ಹಿಂದೆ ಓಡಿ ಬಿಲಕ್ಕೆ ಬಿದ್ದ ಮಕ್ಕಳ ಕಥೆಯ ಹುಡುಗಿಯದೇ ಹೆಸರು. ಯಾವ ಬಿಲಕ್ಕೆ ಬಿದ್ದಳು ಅಂತ ಬಿಡಿಸಿ ಹೇಳಬೇಕಾ?

ಇದರಲ್ಲಿ ಫೋನು ಎಷ್ಟು, ಹಸಿವು ಎಷ್ಟು, ನೀವೇ ಹೇಳಿ. ಗುರುತಿಲ್ಲದವರ ಕಿಟಕಿಯಲ್ಲಿ ಇಣುಕುವ ಚಟ ಇನ್‌ಸ್ಟಾಗ್ರಾಮ್ ಹುಟ್ಟಿದ 2010ರಲ್ಲಿ ಶುರುವಾಯಿತಾ? ನಮ್ಮ ಬೀದಿಯ ಸರೋಜಮ್ಮನೋರು ಅರ್ಧ ಬಾಗಿಲು ತೆರೆದು ಅಕ್ಕಿ ಆರಿಸುತ್ತಾ ಕೂರುತ್ತಿದ್ದದ್ದು ಅಕ್ಕಿಗೋಸ್ಕರ ಅಂದುಕೊಂಡಿದ್ದೀರಾ?

ಮೇಷ್ಟ್ರ ಎರಡನೇ ಬಾಣ: “ಇದೆಲ್ಲ ಬೇಗ ಹಳತಾಗುತ್ತೆ.” ಇದರಲ್ಲಿ ಸ್ವಲ್ಪ ಹುರುಳಿದೆ, ಒಪ್ಪಿದೆ. ಕಥೆಯ ಕಾಲದಲ್ಲಿ ಇನ್‌ಸ್ಟಾಗ್ರಾಮಿನ ಫೋಟೋಗಳು ಹಾಕಿದ ಹೊತ್ತಿನ ಕ್ರಮದಲ್ಲೇ ಬರುತ್ತಿದ್ದವು. ಯಾವುದು ಎಲ್ಲಿ ತೆಗೆದದ್ದು ಅಂತ ತೋರಿಸುವ ಮ್ಯಾಪ್ ಕೂಡ ಇತ್ತು. 2016ರಲ್ಲಿ ಎರಡೂ ಹೋದವು. ಈಗ ಏನು ನೋಡಬೇಕು ಅಂತ ಹೆಚ್ಚಾಗಿ ಅದೇ ತೀರ್ಮಾನ ಮಾಡುತ್ತದೆ. ಇವತ್ತಿನ ಆಲಿಸ್ ಅಷ್ಟು ಸಲೀಸಾಗಿ ಮಿಜುಕೊಳನ್ನು ಹಿಡಿಯಲಾರಳು.

ಅದಕ್ಕೇನೀಗ? ನಮ್ಮ ಹಳೆಯ ಕಥೆಗಳಲ್ಲಿ ತಂತಿ ಬರುತ್ತದಲ್ಲ, ಅಂಚೆಯವನು ಸೈಕಲ್ ನಿಲ್ಲಿಸಿದ ಅಂದರೆ ಯಾರೋ ಹೋದರು ಅಂತ ಓದುವವರ ಎದೆ ಧಸಕ್ಕೆನ್ನುತ್ತದೆ. ಭಾರತದಲ್ಲಿ ತಂತಿ ಸೇವೆ 2013ರಲ್ಲೇ ನಿಂತುಹೋಯಿತು. ಎದೆ ಧಸಕ್ಕೆನ್ನುವುದು ನಿಂತಿತಾ? ಇಂಗ್ಲೆಂಡಿನದೇ ‘ಪಮೆಲಾ’, 1740ರ ಕಾದಂಬರಿ, ಪತ್ರಗಳಲ್ಲೇ ನಡೆಯುತ್ತದೆ. ಅದನ್ನು ಬರೀ ಪತ್ರ ಬರೆಯುವ ಹುಡುಗಿಯ ಕಥೆ ಅಂತ ಯಾರೂ ಮೂಗು ಮುರಿಯುವುದಿಲ್ಲ. ಕಾಗದ ಆದರೆ ಸಾಹಿತ್ಯ, ಗಾಜಿನ ಪರದೆ ಆದರೆ ಟೈಮ್‌ಪಾಸ್. ಚೆನ್ನಾಗಿದೆ.

ಈಗ ಒಂದು ತಪ್ಪೊಪ್ಪಿಗೆ. ನಮ್ಮನೆಯವರು ಇದನ್ನು ಓದುತ್ತಾರೆ, ಓದಲಿ.

ಕಾಲೇಜಿನಲ್ಲಿ ನನ್ನ ಜೊತೆ ಓದಿದವಳೊಬ್ಬಳಿದ್ದಾಳೆ. ಅಂಥ ಸ್ನೇಹವೇನೂ ಇರಲಿಲ್ಲ, ಜಗಳವೂ ಇಲ್ಲ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ, ಕೆಲಸ ಇಲ್ಲ, ಮೂರೂವರೆಗೆಲ್ಲ ಕತ್ತಲೆ. ದಿನಾ ಅವಳ ಪ್ರೊಫೈಲ್ ತೆರೆದು ಕೂರುತ್ತಿದ್ದೆ. ಅವಳ ಅಡುಗೆಮನೆಯ ಟೈಲ್ಸ್ ಯಾವ ಬಣ್ಣ, ಬಾಲ್ಕನಿಯಲ್ಲಿ ಎಷ್ಟು ಕುಂಡ, ಮಗುವಿನ ನಾಮಕರಣಕ್ಕೆ ಉಟ್ಟ ಸೀರೆಯ ಅಂಚು, ಎಲ್ಲ ಬಾಯಿಪಾಠ. ಒಂದು ಲೈಕ್ ಕೂಡ ಒತ್ತಿದವಳಲ್ಲ. ಎರಡು ವರ್ಷದ ನಂತರ ಶಿವಮೊಗ್ಗದ ಛತ್ರವೊಂದರಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಬಂದು ಕೂತಳು. “ಮಗಳಾ? ಏನೇ ಹೆಸರು ಇಟ್ಟಿದ್ದೀಯಾ?” ಅಂದೆ. ಆ ಮಗುವಿನ ಹೆಸರು, ನಕ್ಷತ್ರ, ಮೊದಲ ಹಲ್ಲು ಬಂದ ದಿನ, ಎಲ್ಲ ನನಗೆ ಗೊತ್ತಿತ್ತು. ಅವಳು ಹೆಸರು ಹೇಳಿದಾಗ “ಅಯ್ಯೋ, ಎಷ್ಟು ಚೆಂದ!” ಅಂತ ಹುಬ್ಬೇರಿಸಿದೆ ನೋಡಿ, ಆ ನಟನೆಗೆ ರಾಜ್ಯ ಪ್ರಶಸ್ತಿ ಕೊಡಬೇಕಿತ್ತು.

ಆಲಿಸ್ ಮಿಜುಕೊಳ ಎದುರು ಏನೂ ಗೊತ್ತಿಲ್ಲದವಳಂತೆ ಕೂರುವ ಪುಟಗಳನ್ನು ಓದಿದಾಗ ಆ ಛತ್ರದ ಹುಳಿಯ ವಾಸನೆ ಬಂತು. ಇದನ್ನು ಗುಂಪಿನಲ್ಲಿ ಹೇಳಬೇಕು ಅಂತಿದ್ದೆ. ಹೇಳಲಿಲ್ಲ. ಮೇಷ್ಟ್ರ ಮುಖ ನೋಡಿ ಗಂಟಲಲ್ಲೇ ನಿಂತಿತು.

ಇಂಥದ್ದು ಬರೆಯುವವಳು ಸುಡ್ಜಿಕ್ ಒಬ್ಬಳೇ ಅಲ್ಲ. ಲಂಡನ್ನಿನ ಶೀನಾ ಪಟೇಲ್ 2022ರಲ್ಲಿ ‘ಐ ಆಮ್ ಎ ಫ್ಯಾನ್’ ಬರೆದಳು. ಅದರ ಹುಡುಗಿ, ತಾನು ಬಯಸುವ ಗಂಡಸಿನ ಜೊತೆಗಿರುವ ಇನ್ನೊಬ್ಬ ಹೆಂಗಸನ್ನು ಇನ್‌ಸ್ಟಾಗ್ರಾಮಿನಲ್ಲಿ ಬೆನ್ನು ಬಿಡದೆ ನೋಡುತ್ತಾಳೆ. ಹೊಟ್ಟೆಕಿಚ್ಚಿನ ಜೊತೆಗೆ ಬಣ್ಣ, ದುಡ್ಡು, ದೊಡ್ಡಮನೆಯ ಅಭಿರುಚಿ ಎಲ್ಲದರ ಮೇಲೂ ಕೆಂಡ ಕಾರುತ್ತಾಳೆ. ಫೋನಿಲ್ಲದೆ ಆ ಹುಡುಗಿಗೆ ಅಂಥ ಮನೆಯ ಹೊಸಿಲಾದರೂ ಕಾಣುತ್ತಿತ್ತಾ? ಮುಂದಿನ ಸಲ ಇದನ್ನೇ ಸೂಚಿಸುತ್ತೇನೆ, ಬೇಕಂತಲೇ.

ನನ್ನ ಪಿತ್ತ ನೆತ್ತಿಗೇರಿದ್ದು ಇಷ್ಟಕ್ಕಲ್ಲ. ಕೊನೆಯಲ್ಲಿ, ಲೋಟ ತೊಳೆಯುವಾಗ, ಮೇಷ್ಟ್ರು ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: “ನಾನು ಆ ಲೇಖಕಿಯ ಫೋಟೋ ಎಲ್ಲ ಹುಡುಕಿ ನೋಡಿದೆ. ಇದೆಲ್ಲ ಅವಳದ್ದೇ ಕಥೆ ಇರಬೇಕು, ಅಲ್ವಾ?”

ಅಲ್ಲಾ ಸ್ವಾಮಿ! ಪುಸ್ತಕ ಇರುವುದೇ ನೀವು ಈಗ ಮಾಡಿದ್ದರ ಬಗ್ಗೆ!

ಸುಡ್ಜಿಕ್ 2018ರಲ್ಲಿ ‘ಎಕ್ಸ್‌ಪೋಷರ್’ ಅಂತ ಒಂದು ಸಣ್ಣ ಪುಸ್ತಕವನ್ನೇ ಬರೆದಳು. ಕಾದಂಬರಿ ಹೊರಬಂದ ಮೇಲೆ ಹಿಡಿದುಕೊಂಡ ಆತಂಕ, ಹೆಣ್ಣು ಏನು ಬರೆದರೂ ಅದು ಅವಳದೇ ಬದುಕು ಅಂತ ಓದುವ ಚಾಳಿ, ಇವೇ ಅದರ ವಿಷಯ. ಎಲೆನಾ ಫೆರಾಂಟೆ ಅನ್ನುವ ಗುಪ್ತನಾಮದಲ್ಲಿ, ಮುಖ ತೋರಿಸದೆ ಕಾದಂಬರಿ ಬರೆಯುವವರು ಯಾರು ಅಂತ 2016ರಲ್ಲಿ ಇಟಲಿಯ ಪತ್ರಕರ್ತನೊಬ್ಬ ದುಡ್ಡಿನ ಲೆಕ್ಕ, ಮನೆ ಕೊಂಡ ದಾಖಲೆ ಕೆದಕಿ ‘ಪತ್ತೆ’ ಮಾಡಿದ್ದು ನೆನಪಿದೆಯಲ್ಲ? ಮುಖ ತೋರಿಸದಿದ್ದರೆ ಬೆನ್ನಟ್ಟುತ್ತಾರೆ. ತೋರಿಸಿದರೆ ಮುಖವನ್ನೇ ಓದುತ್ತಾರೆ, ಪುಸ್ತಕ ಹಾಗೇ ಉಳಿಯುತ್ತದೆ. ಗಂಡಸು ಕೊಲೆಗಾರನ ಕಥೆ ಬರೆದರೆ, ನಿಮ್ಮ ಹಿತ್ತಲಲ್ಲಿ ಎಷ್ಟು ಹೆಣ ಇವೆ ಅಂತ ಯಾರಾದರೂ ಕೇಳುತ್ತಾರಾ?

ಇದನ್ನೆಲ್ಲ ಅಲ್ಲೇ ಹೇಳಬಹುದಿತ್ತು. ನಾನು ಹೇಳಿದ್ದು “ಇರಬಹುದೇನೋ” ಅಂತ. ಕೈಯಲ್ಲಿ ಸೋಪಿನ ನೊರೆ ಇತ್ತು, ಹೊರಗೆ ಬಸ್ಸು ಬರುವುದರಲ್ಲಿತ್ತು. ನಾನು ಹೀಗೇ, ಜಗಳವೆಲ್ಲ ಮನೆಗೆ ಬಂದ ಮೇಲೆ, ನಿಮ್ಮ ಮುಂದೆ.

ಬಸ್ಸಿನಲ್ಲಿ ಕೂತಾಗ ನೋಟಿಫಿಕೇಶನ್ ಬಂತು. ಮೇಷ್ಟ್ರು ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದಾರೆ. ಇನ್ನೂ ಒಪ್ಪಿಕೊಂಡಿಲ್ಲ. ಆದರೆ ಪ್ರೊಫೈಲಿಗೆ ಬೀಗ ಹಾಕಿಲ್ಲ ಅವರು, ಹಾಗಾಗಿ ಸುಮ್ನೆ ಒಂದು ಸುತ್ತು ಹೋಗಿಬಂದೆ. ಟೊಮೇಟೊ ಗಿಡಗಳು, ಒಂದು ಮುದಿ ನಾಯಿ, ಸಮುದ್ರದ ದಂಡೆ. 2012ರ ಫೋಟೋದಲ್ಲೂ ಅದೇ ಕಂದು ಕೋಟು.