ಸಿಮ್ಯುಲೇಟರ್‌ನಲ್ಲಿ ಗಾಡಿ ರಿಪೇರಿ ಕಲಿಯೋದಾ ಅಂತ ನಗೋರಿಗೆ

ಕೈಗೆ ಗ್ರೀಸ್ ಹತ್ತದೆ ಮೆಕ್ಯಾನಿಕ್ ಆಗೋದು ಹೇಗಪ್ಪಾ ಅಂತ ನಾನೂ ನಗ್ತಿದ್ದೋನೇ. ಈಗ ಹೊಸ ಹುಡುಗ್ರನ್ನ ಮೊದ್ಲು ಸಿಮ್ಯುಲೇಟರ್ ಮುಂದೆ, ಅಂದ್ರೆ ಗಾಡಿ ಫಾಲ್ಟನ್ನ ಸ್ಕ್ರೀನ್ ಮೇಲೆ ತೋರ್ಸೋ ಸಾಫ್ಟ್‌ವೇರ್ ಮುಂದೆ ಕೂರ್ಸಿ ಅಂತ ನಾನೇ ಹೇಳ್ತೀನಿ.

ಗಾಡಿಯ ಕಂಪ್ಯೂಟರ್ ತೋರ್ಸೋ ಪಿ0171 ಅನ್ನೋ ಫಾಲ್ಟ್ ಕೋಡ್ ತಗೊಳ್ಳಿ. ಮಿಕ್ಸ್ಚರ್ ಲೀನ್ ಆಗಿದೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಅದು ಹೇಳೋದು ಅಷ್ಟೇ. ಸ್ಕ್ಯಾನರ್‌ನಲ್ಲಿ ಇದನ್ನ ಕಂಡ ತಕ್ಷಣ ಹೊಸಬ, ಹೊಗೆ ನೋಡಿ ಇದನ್ನ ಹೇಳೋ ಆಕ್ಸಿಜನ್ ಸೆನ್ಸರನ್ನೇ ಬಿಚ್ಚೋಕೆ ಹೊರಡ್ತಾನೆ (ಪಾಪ, ಕಂಡಿದ್ದನ್ನ ಹೇಳಿದ ತಪ್ಪಿಗೆ ಅದಕ್ಕೇ ಶಿಕ್ಷೆ). ಸಿಮ್ಯುಲೇಟರ್‌ನಲ್ಲಿ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಎಷ್ಟು ಹೆಚ್ಚು ಕಮ್ಮಿ ಮಾಡ್ಬೇಕು ಅಂತ ಗಾಡಿಯ ಕಂಪ್ಯೂಟರ್ ಮಾಡ್ಕೊಳ್ಳೋ ಲೆಕ್ಕ) ನೋಡ್ತಾ ಕೂತ್ರೆ, ಐಡಲ್‌ನಲ್ಲಿ ಮೇಲಿದ್ದಿದ್ದು 2500 ಆರ್‌ಪಿಎಂಗೆ ಇಳೀತಾ ಬಂತಾ, ಹಾಗಾದ್ರೆ ಇಂಜಿನ್ ಒಳಗೆ ಕಳ್ಳದಾರೀಲಿ ಗಾಳಿ ನುಗ್ಗೋ ವ್ಯಾಕ್ಯೂಮ್ ಲೀಕ್ ಹುಡುಕ್ಬೇಕು, ಲೋಡ್ ಬಿದ್ದಾಗ ಇನ್ನೂ ಏರಿತಾ, ಆಗ ಫ್ಯೂಯಲ್ ಪಂಪೋ ಫಿಲ್ಟರೋ ಏರ್ ಫ್ಲೋ ಸೆನ್ಸರೋ ಅಂತ ಅವನಿಗೇ ಹೊಳೆಯುತ್ತೆ. ಅದೇ ಕೋಡ್‌ಗೆ ಒಂದೇ ಮಧ್ಯಾಹ್ನ ಐದು ಬೇರೆ ಬೇರೆ ಕಾರಣ ಇಟ್ಟು ಹುಡುಕ್ಸಬಹುದು, ಶೆಡ್‌ಗೆ ಅಂಥಾ ಐದು ಗಾಡಿ ಬರೋ ತನಕ ಯಾರು ಕಾಯ್ತಾರೆ?

ಗಾಡಿಯೊಳಗಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ಕ್ಯಾನ್ ವೈರಿಂಗೂ ಹಾಗೇ. ಬ್ಯಾಟರಿ ಕಳಚಿ, ಸ್ಕ್ಯಾನರ್ ಸಿಕ್ಕಿಸೋ ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ಮಧ್ಯೆ ಅಳೆದ್ರೆ ಬಹಳಷ್ಟು ಗಾಡೀಲಿ ಸುಮಾರು 60 ಓಮ್ ಬರುತ್ತೆ, ಎರಡೂ ತುದೀಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಪ್ಯಾರಲಲ್ ಆಗಿರೋದ್ರಿಂದ. 120 ಬಂತು ಅಂದ್ರೆ ಒಂದು ಕಡೆ ಕಟ್ ಆಗಿದೆ. ಬೋರ್ಡ್ ಮೇಲೆ ಬರೆದಾಗೆಲ್ಲ ತಲೆ ಆಡಿಸ್ತಾರೆ, ಮಾರನೇ ದಿನ ಮರೀತಾರೆ, ಸ್ಕ್ರೀನ್‌ನಲ್ಲಿ ತಾವೇ ವೈರ್ ಕಟ್ ಮಾಡಿ ನೋಡಿದ್ಮೇಲೆ ಮರೆಯಲ್ಲ. ಇನ್ನು ಇವಿ ಬ್ಯಾಟರಿ ವಿಷ್ಯ ಬಿಡಿ, 400 ವೋಲ್ಟ್ ಮೇಲೆ ತಪ್ಪು ಮಾಡ್ತಾ ಕಲೀಲಿ ಅನ್ನೋಕಾಗುತ್ತಾ!

ನಂಗೆ ಸಿಟ್ಟು ಬರೋದು ಬೇರೆ ಕಡೆ. ಕೆಲವು ಸಾಫ್ಟ್‌ವೇರ್‌ನಲ್ಲಿ ನಾಲ್ಕು ಪಾರ್ಟ್ ಸುಮ್ನೆ ಬದಲಾಯಿಸಿ ಐದನೇದ್ರಲ್ಲಿ ಸರಿ ಹೋದ್ರೂ ಪಾಸ್! ಊಹೆ ಮೇಲೆ ಹಾಕಿದ ಒಂದೊಂದು ಪಾರ್ಟ್‌ಗೂ ಮಾರ್ಕ್ಸ್ ಕಟ್ ಮಾಡ್ಬೇಕು, ಗಿರಾಕಿ ಜೇಬಿಗೆ ಕತ್ತರಿ ಹಾಕೋ ಅಭ್ಯಾಸ ಶುರುವಾಗೋದೇ ಅಲ್ಲಿ.

ಮತ್ತೆ ಸ್ಕ್ರೀನ್ ಮೇಲಿನ ಕನೆಕ್ಟರ್ ಯಾವತ್ತೂ ಕ್ಲೀನು, ಹಸಿರುಗಟ್ಟಿದ ಪಿನ್ ಇಲ್ಲ, ಬಿಸಿಯಾದಾಗ ಮಾತ್ರ ಕೈ ಕೊಡೋ ವೈರ್ ಅಂತೂ ಅಪರೂಪ. ನಮ್ಮಲ್ಲಿ ಒಬ್ಬ ಹುಡುಗ ಸಿಮ್ಯುಲೇಟರ್‌ನಲ್ಲಿ ಎಲ್ಲರಿಗಿಂತ ಮುಂದು. ಮೊದಲ ದಿನ ಗಾಡಿ ಹತ್ರ ಬಿಟ್ರೆ, ವೋಲ್ಟೇಜ್ ನೋಡೋಕೆ ಮೀಟರ್‌ನ ದಪ್ಪ ಪ್ರೋಬನ್ನ ಕನೆಕ್ಟರ್ ತೂತಿಗೇ ಒತ್ತಿ ತುರುಕಿದ. ಒಳಗಿನ ಟರ್ಮಿನಲ್ ಅಗಲ ಆಗಿ ಪಿನ್ ಲೂಸ್ ಆಗೋಯ್ತು. ಹಳೇ ಫಾಲ್ಟ್ ಸರಿಯಾಗೇ ಹಿಡಿದಿದ್ದ, ಆದ್ರೆ ಗಾಡಿ ಎರಡೇ ದಿನಕ್ಕೆ ಹೊಸ ಕೋಡ್ ಹಿಡ್ಕೊಂಡು ವಾಪಸ್ ಬಂತು.