ಅರಿಶಿನದ ಮಾತ್ರೆಯನ್ನು ಅಜ್ಜಿಯ ಹೆಸರಲ್ಲಿ ಮಾರಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸಾರಿಗೆ ಹಾಕುವ ಅರಿಶಿನದ ಬಗ್ಗೆ ನನ್ನದೇನೂ ತಕರಾರಿಲ್ಲ. ಒಗ್ಗರಣೆಗೆ ಒಂದು ಚಿಟಿಕೆ, ಶೀತ ಆದಾಗ ಬಿಸಿ ಹಾಲಿಗೆ ಒಂದಿಷ್ಟು. ಇದನ್ನು ಯಾರೂ ಬಿಡಬೇಕಾಗಿಲ್ಲ. ನನ್ನ ತಕರಾರು ಇರುವುದು ಬಾಟಲಿಯಲ್ಲಿ ಬರುವ ಕರ್ಕ್ಯುಮಿನ್ ಮಾತ್ರೆಗಳ ಬಗ್ಗೆ. ಕರ್ಕ್ಯುಮಿನ್ ಅಂದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶ. ಮಂಡಿನೋವಿಗೆ, ಶುಗರಿಗೆ, ಇಮ್ಯುನಿಟಿಗೆ ಅಂತ ಯಾರನ್ನೂ ಕೇಳದೆ ಇವನ್ನು ನುಂಗುತ್ತಿರುವವರು ನಮ್ಮ ನಡುವೆ ತುಂಬಾ ಜನ ಇದ್ದಾರೆ. ಮಾರುವವರು ಹೇಳುವ ಮಾತು ಒಂದೇ: "ಸಾವಿರಾರು ವರ್ಷದಿಂದ ನಮ್ಮ ಹಿರಿಯರು ತಿಂದದ್ದೇ ಇದು." ಈ ಮಾತು ನಿಜವಲ್ಲ. ಹಿರಿಯರು ತಿಂದದ್ದು ಅರಿಶಿನ. ಈ ಮಾತ್ರೆಯನ್ನು ನಮ್ಮ ಯಾವ ಅಜ್ಜಿಯೂ ತಿಂದಿಲ್ಲ.

ಲೆಕ್ಕ ಹಾಕಿ ನೋಡಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. ತಳಿ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಒಂದು ಟೀ ಚಮಚ ಪುಡಿ 3 ಗ್ರಾಂ ಅಂತ ಇಟ್ಟುಕೊಂಡರೆ ಅದರಲ್ಲಿ ಸಿಗುವ ಕರ್ಕ್ಯುಮಿನ್ 90 ಮಿಲಿಗ್ರಾಂ. ಅಷ್ಟು ಪುಡಿಯನ್ನು ಇಡೀ ಮನೆಗೆ ಮಾಡಿದ ಹುಳಿಗೂ ನಾವು ಹಾಕುವುದಿಲ್ಲ. ಅಂಗಡಿಯ ಮಾತ್ರೆಯಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ ಸಾರ ಇರುತ್ತದೆ. ಅದರಲ್ಲಿ ನೂರಕ್ಕೆ 95 ಪಾಲು ಕರ್ಕ್ಯುಮಿನ್ ಜಾತಿಯ ವಸ್ತುವೇ. ದಿನಕ್ಕೆ ಎರಡು ನುಂಗಿದರೆ 950 ಮಿಲಿಗ್ರಾಂ ಆಯಿತು. ಆಹಾರಕ್ಕೆ ಬಣ್ಣವಾಗಿ ಸೇರಿಸುವ ಕರ್ಕ್ಯುಮಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹಾಕಿರುವ ಮಿತಿ ದಿನಕ್ಕೆ, ದೇಹದ ಪ್ರತಿ ಕಿಲೋ ತೂಕಕ್ಕೆ, 3 ಮಿಲಿಗ್ರಾಂ. 60 ಕಿಲೋ ಇರುವವರಿಗೆ 180 ಮಿಲಿಗ್ರಾಂ. ಮಾತ್ರೆ ಅದರ ಐದು ಪಟ್ಟು ದಾಟಿತು, ಅಲ್ವಾ?

ಮುಂದಿನ ವಿಷಯ ನಮ್ಮ ಬೆಂಗಳೂರಿನದೇ. ಕರ್ಕ್ಯುಮಿನ್ ಎಷ್ಟು ತಿಂದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರುಳು ಮತ್ತು ಲಿವರ್ ಅದರ ರೂಪ ಬದಲಾಯಿಸಿ ಬೇಗ ಬೇಗ ಹೊರಗೆ ಕಳಿಸುತ್ತವೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ ಒಂದು ಸಂಶೋಧನೆ ಪ್ರಕಟವಾಯಿತು. ಆರೋಗ್ಯವಾಗಿದ್ದ ಕೆಲವರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ ಸಿಕ್ಕಿತು. ಆಮೇಲೆ ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಪೈಪರಿನ್ ಅಂದರೆ ಕಾಳುಮೆಣಸಿಗೆ ಖಾರ ಕೊಡುವ ಅಂಶ. ರಕ್ತಕ್ಕೆ ಸೇರಿದ ಪ್ರಮಾಣ ಶೇಕಡಾ 2000ದಷ್ಟು ಏರಿತು. ಇವತ್ತು ಎಷ್ಟೋ ಬಾಟಲಿಗಳ ಮೇಲೆ ಈ 2000 ದೊಡ್ಡ ಅಕ್ಷರದಲ್ಲಿ ಇರುತ್ತದೆ.

ಅದು ಹೇಗೆ ಏರಿತು ಅನ್ನುವುದು ಮಾತ್ರ ಬಾಟಲಿಯ ಮೇಲೆ ಇರುವುದಿಲ್ಲ. ಹೊರಗಿನಿಂದ ಬಂದ ವಸ್ತುಗಳನ್ನು ಸಾಗಹಾಕಲು ಕರುಳು, ಲಿವರ್‌ಗಳಲ್ಲಿ ಕಿಣ್ವಗಳಿವೆ. ಪೈಪರಿನ್ ಅವುಗಳ ಕೆಲಸವನ್ನು ನಿಧಾನ ಮಾಡುತ್ತದೆ. ನಾವು ನುಂಗುವ ಬೇರೆ ಮಾತ್ರೆಗಳನ್ನು ಸಾಗಹಾಕುವುದೂ ಇದೇ ಕಿಣ್ವಗಳ ಬಳಗ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವು ಪೈಪರಿನ್ ಜೊತೆ ಹೋದಾಗ ರಕ್ತದಲ್ಲಿ ಏರುತ್ತವೆ ಅಂತ ಮನುಷ್ಯರ ಮೇಲಿನ ಅಧ್ಯಯನಗಳೇ ತೋರಿಸಿವೆ. ಫೆನಿಟಾಯಿನ್ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಸರಿಯಾದ ಡೋಸಿಗೂ ಜಾಸ್ತಿ ಆದ ಡೋಸಿಗೂ ನಡುವೆ ಅಂತರ ತೀರಾ ಕಡಿಮೆ. ಸ್ವಲ್ಪ ಏರಿದರೂ ತಲೆ ತಿರುಗುತ್ತದೆ, ನಡಿಗೆ ತಪ್ಪುತ್ತದೆ.

ಲಿವರ್ ವಿಷಯಕ್ಕೆ ಬರೋಣ. ಔಷಧಗಳಿಂದ ಲಿವರ್‌ಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ತಜ್ಞರ ಜಾಲವೊಂದು 2022ರಲ್ಲಿ ಅರಿಶಿನದ ಮಾತ್ರೆಗಳಿಂದಾದ 10 ಪ್ರಕರಣಗಳನ್ನು ವಿವರವಾಗಿ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದ್ದರು. ಒಬ್ಬರು ಲಿವರ್ ಪೂರ್ತಿ ಕೈಕೊಟ್ಟು ತೀರಿಕೊಂಡರು. ಪರೀಕ್ಷೆಗೆ ಸಿಕ್ಕ 7 ಬಾಟಲಿಗಳಲ್ಲೂ ಅರಿಶಿನ ಇದ್ದದ್ದು ಖಚಿತವಾಯಿತು. ಮೂರರಲ್ಲಿ ಪೈಪರಿನ್ ಕೂಡ ಇತ್ತು. ಹತ್ತು ಜನರಲ್ಲಿ ಏಳು ಮಂದಿಗೆ ಎಚ್‌ಎಲ್‌ಎ-ಬಿ 35:01 ಅನ್ನುವ ಒಂದೇ ಜೀನ್ ಬಗೆ ಇತ್ತು. ಅಂದರೆ ಇದು ಎಲ್ಲರಿಗೂ ಆಗುವ ತೊಂದರೆ ಅಲ್ಲ. ಹುಟ್ಟಿನಿಂದ ಬಂದ ಗುಣದಿಂದಾಗಿ ಕೆಲವರಿಗೆ ಆಗುತ್ತದೆ. ಮಾತ್ರೆ ತಿನ್ನುವವರ ಒಟ್ಟು ಸಂಖ್ಯೆಗೆ ಹೋಲಿಸಿದರೆ ಇಂಥವರು ವಿರಳ, ಒಪ್ಪುತ್ತೇನೆ. ಆದರೆ ಆ ಕೆಲವರು ಯಾರು ಅಂತ ಮುಖ ನೋಡಿ ಹೇಳಲು ಬರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವ ಮೊದಲು ಯಾರೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳುವುದೂ ಇಲ್ಲ.

ನ್ಯೂಜಿಲೆಂಡಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರು ಅರಿಶಿನದ ಉತ್ಪನ್ನ ಶುರು ಮಾಡಿದರು. ಕೆಲವೇ ವಾರಗಳಲ್ಲಿ ಅವರ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಹೇಳುವ ಅಳತೆ, 10 ದಾಟಿತು. ಸಾಮಾನ್ಯವಾಗಿ ಅದನ್ನು 2ರಿಂದ 3ರ ನಡುವೆ ಇಡಬೇಕು. 10 ಅಂದರೆ ಯಾವಾಗ ಬೇಕಾದರೂ ಒಳಗೆ ರಕ್ತಸ್ರಾವ ಆಗಬಹುದಾದ ಸ್ಥಿತಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಇದರ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು.

ಇದನ್ನು ಓದಿದಾಗ ನನಗೆ ಮೊದಲು ನೆನಪಾದವರು ನಮ್ಮ ದೊಡ್ಡಪ್ಪ. ಹಾರ್ಟ್ ವಾಲ್ವ್ ಆಪರೇಷನ್ ಆದವರು, ವಾರ್ಫರಿನ್ ಮೇಲೆ ಇರುವವರು. ಮಂಡಿನೋವಿಗೆ ಅಂತ ಯಾರೋ ಹೇಳಿದ ಅರಿಶಿನದ ಮಾತ್ರೆ ತರಿಸಿಟ್ಟುಕೊಂಡಿದ್ದರು. "ಡಾಕ್ಟರಿಗೆ ಹೇಳಿದ್ರಾ ದೊಡ್ಡಪ್ಪ?" ಅಂತ ಕೇಳಿದೆ. "ಅರಿಶಿನ ಕಣಮ್ಮಾ, ಅದನ್ನೇನು ಹೇಳೋದು ಅವರಿಗೆ?" ಅಂದರು. ಅವರದು ತಪ್ಪು ಅಂತ ನನಗೆ ಅನಿಸಲಿಲ್ಲ. ಬೇರೆ ಏನಾದರೂ ಮಾತ್ರೆ, ಕಷಾಯ, ಪುಡಿ ತಗೋತೀರಾ ಅಂತ ಆ ಕಡೆಯಿಂದಲೂ ಯಾರೂ ಕೇಳಿರಲಿಲ್ಲ.

ಕರ್ಕ್ಯುಮಿನ್‌ನಿಂದ ಉಪಯೋಗವೇ ಇಲ್ಲವೇ? ಹಾಗೆ ಹೇಳಲಾರೆ. 2023ರಲ್ಲಿ ಥಾಯ್ಲೆಂಡಿನ ವೈದ್ಯರು ಅಜೀರ್ಣದ 206 ರೋಗಿಗಳನ್ನು ಸೇರಿಸಿ ಪರೀಕ್ಷೆ ನಡೆಸಿದರು. ಹೊಟ್ಟೆಯ ಆಮ್ಲ ಇಳಿಸಲು ಕೊಡುವ ಓಮೆಪ್ರಜೋಲ್‌ನಷ್ಟೇ ಆರಾಮ ಕರ್ಕ್ಯುಮಿನ್‌ನಿಂದಲೂ ಸಿಕ್ಕಿತು. ಖಾಲಿ ಮಾತ್ರೆ ಕೊಟ್ಟ ಗುಂಪು ಅದರಲ್ಲಿ ಇರಲಿಲ್ಲ, ಹಾಗಾಗಿ ಅದೊಂದೇ ಸಾಲದು. ಮಂಡಿನೋವಿಗೂ ಸಣ್ಣ ಪರೀಕ್ಷೆಗಳಲ್ಲಿ ಸ್ವಲ್ಪ ಗುಣ ಕಂಡಿದೆ. ಇನ್ನೊಂದು ಕಡೆ, 2017ರಲ್ಲಿ ಔಷಧ ರಸಾಯನಶಾಸ್ತ್ರದ ತಜ್ಞರು ಆವರೆಗಿನ 120ಕ್ಕೂ ಹೆಚ್ಚು ಕ್ಲಿನಿಕಲ್ ಪ್ರಯೋಗಗಳನ್ನು ಜಾಲಾಡಿ, ಕಟ್ಟುನಿಟ್ಟಾಗಿ ನಡೆದ ಒಂದೂ ಗೆದ್ದಿಲ್ಲ ಅಂತ ಬರೆದರು. ಇಷ್ಟೇ ಪುರಾವೆ ಕೈಯಲ್ಲಿರುವಾಗ ಕ್ಯಾನ್ಸರ್, ಮರೆವು, ಶುಗರ್ ಎಲ್ಲಕ್ಕೂ ಇದೇ ರಾಮಬಾಣ ಅನ್ನುವುದು ಕಾಯಿಲೆಯವರಿಗೆ ಮಾಡುವ ಮೋಸ.

1995ರಲ್ಲಿ ಅಮೆರಿಕದಲ್ಲಿ ಅರಿಶಿನದಿಂದ ಗಾಯ ವಾಸಿ ಮಾಡುವುದಕ್ಕೆ ಪೇಟೆಂಟ್ ಕೊಟ್ಟಿದ್ದು ನಿಮಗೆ ನೆನಪಿರಬಹುದು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳ ಸಾಕ್ಷಿ ಇಟ್ಟು ಹೋರಾಡಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ನನಗೆ ಇವತ್ತಿಗೂ ಅದು ಹೆಮ್ಮೆಯ ವಿಷಯ. ಆದರೆ ಅಲ್ಲಿ ಗೆದ್ದದ್ದು ಅರಿಶಿನವನ್ನು ಅರೆದು ಗಾಯಕ್ಕೆ ಹಚ್ಚುವ ತಿಳಿವಳಿಕೆ. ದ್ರಾವಕದಲ್ಲಿ ನೆನೆಸಿ, ಸಾರ ತೆಗೆದು, ಪೈಪರಿನ್ ಸೇರಿಸಿ ತಿಂಗಳುಗಟ್ಟಲೆ ನುಂಗಿಸುವುದು ಹೊಸ ವಸ್ತು. ಹೊಸ ವಸ್ತುವಿಗೆ ಹೊಸದಾಗಿಯೇ ಪುರಾವೆ ಕೊಡಬೇಕು.

ಗಿಡಮೂಲಿಕೆಯನ್ನು ನಿಜವಾಗಿ ಗೌರವಿಸಿದ ರೀತಿಯೂ ನಮ್ಮ ದೇಶದಲ್ಲೇ ಇದೆ. ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಅಂತ ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ರೋಗಿಗಳ ಲೆಕ್ಕ ಸಮೇತ ಪ್ರಕಟಿಸಿದರು. ಮುಂದೆ ಅದರಿಂದ ರಿಸರ್ಪಿನ್ ಅನ್ನುವ ಬಿಪಿ ಔಷಧ ಬಂತು. ಅದು ಕೆಲವರಲ್ಲಿ ಖಿನ್ನತೆ ತರುತ್ತದೆ ಅನ್ನುವ ವರದಿಗಳು ಬಂದಾಗ ಎಚ್ಚರಿಕೆಯನ್ನು ಬರೆದರು, ಡೋಸ್ ಇಳಿಸಿದರು. ಗಿಡದಿಂದ ಬಂದದ್ದು ಅಂತ ಯಾರೂ ರಿಯಾಯಿತಿ ಕೊಡಲಿಲ್ಲ.

ಅರಿಶಿನದ ಮಾತ್ರೆಗೆ ಇಲ್ಲಿ ಆ ಶಿಸ್ತು ಇಲ್ಲ. ಒಂದು ಬಾಟಲಿ ಆಯುರ್ವೇದ ಔಷಧದ ಲೈಸೆನ್ಸಿನಲ್ಲಿ ಬರುತ್ತದೆ. ಪಕ್ಕದ್ದು ಆಹಾರದ ಲೈಸೆನ್ಸಿನಲ್ಲಿ ಬರುತ್ತದೆ. ಈ ಎರಡನೆಯದರ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕೊಳ್ಳುವವರು ಔಷಧ ಅಂತಲೇ ಕೊಳ್ಳುತ್ತಾರೆ. ಇಟಲಿ 2022ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಲಿವರ್ ತೊಂದರೆ, ಪಿತ್ತಕೋಶದಲ್ಲಿ ಕಲ್ಲು ಇರುವವರು ಬಳಸಬೇಡಿ, ಬೇರೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಅಂತ ಪ್ರತಿ ಬಾಟಲಿಯ ಮೇಲೂ ಬರೆಯುವಂತೆ ಮಾಡಿತು. ಗುಂಡ್ಲುಪೇಟೆ, ಚಾಮರಾಜನಗರದ ಹೊಲಗಳಲ್ಲಿ ಅರಿಶಿನ ಬೆಳೆಯುವ ನಮ್ಮ ರಾಜ್ಯದಲ್ಲಿ ಆ ಎರಡು ಸಾಲು ಕನ್ನಡದಲ್ಲಿ ಯಾಕೆ ಇರಬಾರದು? ಇದರಿಂದ ರೈತರಿಗೆ ನಷ್ಟವೇನೂ ಇಲ್ಲ.

ನಿಮ್ಮ ಮನೆಯಲ್ಲಿ ಈ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಬಾಟಲಿಯನ್ನು ಡಾಕ್ಟರಿಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ, ಫಿಟ್ಸ್ ಮಾತ್ರೆ, ಅಂಗ ಕಸಿಯ ನಂತರದ ಮಾತ್ರೆ ತಿನ್ನುವವರು ಕೇಳದೆ ಶುರು ಮಾಡಲೇಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ತುರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಕಾಣಿಸಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಆಮೇಲೆ 1800-180-3024ಕ್ಕೆ ಫೋನ್ ಮಾಡಿ. ಔಷಧಗಳ ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರ ಇಟ್ಟಿರುವ ಉಚಿತ ನಂಬರ್ ಇದು. ಡಾಕ್ಟರೇ ಮಾಡಬೇಕು ಅಂತಿಲ್ಲ, ರೋಗಿಯ ಮನೆಯವರೂ ಮಾಡಬಹುದು. ಬಾಟಲಿ ಎಸೆಯಬೇಡಿ, ಅದರ ಬ್ಯಾಚ್ ನಂಬರ್ ಕೇಳುತ್ತಾರೆ.